ಇದು ಗುಣಾನೋ, ಜಡ್ಡೋ?

"ಅಂವ ಸಣ್ಣಾಂವ ಇದ್ದಾಗಿಂದ ಹಿಂಗ ಅದಾನ್ರಿ. ಇದು ಗುಣಾನೋ, ಜಡ್ಡೋ?"

ಹುಬ್ಬಳ್ಳಿ-ಧಾರವಾಡದ ಕಡೆ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅರ್ಧ ಉತ್ತರವನ್ನು ಕೇಳುವವರೇ ಹೇಳಿಬಿಟ್ಟಿರುತ್ತಾರೆ: 'ಸಣ್ಣಾಂವ ಇದ್ದಾಗಿಂದ'.

ಇಂಥ ಗುಣ ಜಡ್ಡಿನ ಮಟ್ಟಕ್ಕೆ ಹೋದರೆ ವೈದ್ಯರು ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ವ್ಯಕ್ತಿತ್ವ ದೋಷ ಎಂದು ಬರೆಯುವುದುಂಟು. ದೋಷ ಅಂದ ಕೂಡಲೇ ಜಾತಕ ತೆಗೆಯುವವರಿದ್ದಾರೆ, ಹಾಗಾಗಿ ವ್ಯಕ್ತಿತ್ವದ ತೊಂದರೆ ಎಂದರೆ ಸಾಕು. ಹರೆಯದಲ್ಲಿ ಕಾಣಿಸಿಕೊಂಡು, ವರ್ಷಗಟ್ಟಲೆ ಹಾಗೇ ಉಳಿದು, ಮನೆ, ಕೆಲಸ, ಗೆಳೆತನ, ದುಡ್ಡು ಎಲ್ಲ ಕಡೆ ಒಂದೇ ಥರ ಎಡವಿಸುವ ಸ್ವಭಾವ ಅದು. ಎಡವಿದ್ದರಿಂದ ಅವರಿಗೋ ಸುತ್ತಲಿನವರಿಗೋ ಏಟು ಬಿದ್ದಿರಬೇಕು. ಸಾಹೇಬರ ಮುಂದೆ ಕೈಕಟ್ಟಿ ನಿಂತು, ಹೆಂಡತಿಯ ಮೇಲೆ ಮಾತ್ರ ತಾಟು ಒಗೆಯುವವನಿಗೆ ಈ ಹೆಸರು ಕೊಡುವ ಅವಸರ ಬೇಡ. ಅದು ಬಹಳ ಸಲ ಬರೀ ದಬ್ಬಾಳಿಕೆ.

ಜನ ತಪ್ಪುವುದು ಇನ್ನೊಂದು ಕಡೆ. ನಲವತ್ತೈದು ವರ್ಷ ಮೆತ್ತಗಿದ್ದ ಮನುಷ್ಯ ಈಗ ನಾಚಿಕೆ ಬಿಟ್ಟು ಮಾತಾಡುತ್ತಾನೆ, ಸಿಕ್ಕಿದ್ದಕ್ಕೆಲ್ಲ ಖರ್ಚು ಮಾಡುತ್ತಾನೆ ಎಂದರೆ ಅದು ಸ್ವಭಾವದ ತೊಂದರೆಯಲ್ಲ, ಸ್ವಭಾವ ಬದಲಾಗಿದೆ. ಆಗ ಹುಡುಕಬೇಕಾದದ್ದು ಬೇರೆ: ಕುಡಿತ, ಥೈರಾಯ್ಡ್, ಬೈಕಿನಿಂದ ಬಿದ್ದಾಗ ತಲೆಗಾದ ಪೆಟ್ಟು, ಮನಸ್ಸು ದಿನಗಟ್ಟಲೆ ಏರಿ ಇಳಿಯುವ ಬೈಪೋಲಾರ್ ಕಾಯಿಲೆ, ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಡಿಮೆನ್ಷಿಯಾ. ಇವನ್ನು ತಡಮಾಡದೆ ತೋರಿಸಬೇಕು.

ವೈದ್ಯರ ಪಟ್ಟಿಯಲ್ಲಿ ಹತ್ತು ಬಗೆಗಳಿವೆ. ಅದು ಅಮೆರಿಕದ ಡಿಎಸ್‌ಎಂ-5 ಕೈಪಿಡಿಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, ಅಂದರೆ 2022ರಿಂದ ಜಾರಿಗೆ ಬಂದದ್ದು, ಆ ಹೆಸರುಗಳನ್ನು ಬಹುಪಾಲು ಕೈಬಿಟ್ಟು ತೊಂದರೆ ಅಲ್ಪವೋ ಮಧ್ಯಮವೋ ತೀವ್ರವೋ ಎಂದಷ್ಟೇ ಮೊದಲು ಕೇಳುತ್ತದೆ. ಕನಿಷ್ಠ ಎರಡು ವರ್ಷದಿಂದ ಇರಬೇಕು ಎನ್ನುತ್ತದೆ. ಮನೆಯವರಿಗೆ ಈ ದಾರಿಯೇ ಸಲೀಸು. ಹತ್ತು ಹೆಸರು ಬಾಯಿಪಾಠ ಮಾಡಿದವರು ಬೀಗರಲ್ಲೆಲ್ಲ ಕಾಯಿಲೆ ಕಾಣತೊಡಗುತ್ತಾರೆ.

ಮೂರು ನಮೂನೆ ನೋಡಿ. ಮೊದಲು ಸಂಶಯ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ತೂಕದ ಚೀಟಿಯನ್ನು ಎರಡು ಸಲ ನೋಡುವ ರೈತ ಸಂಶಯಪಿಶಾಚಿಯಲ್ಲ, ಹುಷಾರಿ. ಲಗ್ನಪತ್ರದಲ್ಲಿ ತನ್ನ ಹೆಸರು ಕೆಳಗೆ ಬಂತೆಂದು ಹನ್ನೆರಡು ವರ್ಷ ತಮ್ಮನ ಮನೆ ಮೆಟ್ಟಿಲು ಹತ್ತದವನು, ಓಣಿಯಲ್ಲಿ ಯಾರು ನಕ್ಕರೂ ತನ್ನ ನೋಡಿಯೇ ಅನ್ನುವವನು, ಅದೇ ಕಾರಣಕ್ಕೆ ಮೂರು ಕೆಲಸ ಬಿಟ್ಟವನು ಬೇರೆ. ಅಲ್ಲಿ ಸಂಶಯ ಎಲ್ಲರ ಮೇಲೂ ಇದೆ, ಯಾವ ಸಮಜಾಯಿಷಿಗೂ ಕರಗುವುದಿಲ್ಲ.

ಎರಡನೆಯದು ಬಾರ್ಡರ್‌ಲೈನ್, ಹೆಚ್ಚು ಗೊಂದಲ ಮಾಡುವಂಥದ್ದು. ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು: ಬಿಟ್ಟುಹೋಗುತ್ತಾರೆಂಬ ವಿಪರೀತ ಭಯ, ಇಂದು ದೇವರು, ನಾಳೆ ದೆವ್ವ ಎಂದು ಜೋಲಿ ಹೊಡೆಯುವ ಸಂಬಂಧಗಳು, ನಾನ್ಯಾರು ಎಂಬುದೇ ನಿಲ್ಲದಿರುವುದು, ದುಡುಕು, ಕೈ ಕೊಯ್ದುಕೊಳ್ಳುವುದು ಅಥವಾ ಸಾಯುವ ಮಾತು, ಗಂಟೆಗಂಟೆಗೆ ಬದಲಾಗುವ ಮನಸ್ಸು, ಒಳಗೆ ಖಾಲಿ, ತಡೆಯಲಾಗದ ಸಿಟ್ಟು, ಒತ್ತಡದಲ್ಲಿ ಸ್ವಲ್ಪ ಹೊತ್ತು ಸಂಶಯ ಅಥವಾ ತಾನು ತನ್ನಿಂದಲೇ ದೂರವಾದಂತೆ ಅನ್ನಿಸುವುದು. ಧಾರವಾಡದ ಪಿಜಿಯೊಂದರಲ್ಲಿ ಅದು ಹೀಗೆ ಕಾಣಬಹುದು: ಗೆಳತಿ ಅರ್ಧ ತಾಸು ಫೋನ್ ಎತ್ತಲಿಲ್ಲ. ಮೂವತ್ತು ಮಿಸ್ಡ್ ಕಾಲ್, ಆಮೇಲೆ "ನೀನೂ ಎಲ್ಲಾರ ಹಂಗ ಅದಿ" ಎಂಬ ಮೆಸೇಜ್, ಬ್ಲಾಕ್. ಸಂಜೆ ಪೇಢೆ ಡಬ್ಬಿ ಹಿಡಿದು ಅದೇ ಗೆಳತಿಯ ಬಾಗಿಲಲ್ಲಿ ಅಳು. ಕೈ ಮೇಲಿನ ಗಾಯ ಕಾಣದಂತೆ ಏಪ್ರಿಲ್ ಬಿಸಿಲಲ್ಲೂ ತುಂಬುತೋಳು. ಒಂದು ದಿನ ಹೀಗಾದರೆ ಎಲ್ಲರೂ ಮನುಷ್ಯರೇ. ಯಾವ ಗೆಳೆತನವಾದರೂ ಇದೇ ಸುತ್ತು ಹೊಡೆದರೆ ಗಮನಿಸಬೇಕು. ಬೈಪೋಲಾರ್‌ನಲ್ಲಿ ಏರುಮನಸ್ಸು ನಾಲ್ಕು ದಿನ, ವಾರ ಎಳೆಯುತ್ತದೆ, ನಿದ್ದೆಯೇ ಬೇಡವಾಗುತ್ತದೆ. ಇಲ್ಲಿ ಅದು ತಾಸುಗಳ ಲೆಕ್ಕ, ಬಹಳವೆಂದರೆ ಒಂದೆರಡು ದಿನ.

ಇನ್ನು ಮೂರನೆಯ ನಮೂನೆಗೆ ಊರೇ 'ಶಿಸ್ತಿನ ಮನುಷ್ಯ' ಎಂದು ಹಾರ ಹಾಕುತ್ತದೆ. ರೊಟ್ಟಿ ದುಂಡಗಾಗಲಿಲ್ಲವೆಂದು ಊಟ ಬಿಟ್ಟೇಳುವವನು, ಯಾರ ಕೈಗೂ ಕೆಲಸ ಒಪ್ಪಿಸದವನು. ಓಸಿಡಿ, ಅಂದರೆ ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮರಳಿಸುವ ಕಾಯಿಲೆ, ಇದ್ದವರು "ಬಿಡಬೇಕಂತೀನ್ರಿ, ಆಗವಲ್ದು" ಎಂದು ತಾವೇ ನರಳುತ್ತಾರೆ. ಈತ ನರಳುವುದಿಲ್ಲ. ತಾನೇ ಸರಿ, ಉಳಿದವರಿಗೆ ಶಿಸ್ತಿಲ್ಲ, ಅಷ್ಟೇ.

ವೈದ್ಯರ ಹತ್ತಿರ ಹೋಗುವ ಮುನ್ನ ಎರಡು-ಮೂರು ವಾರ ಒಂದು ನೋಟ್‌ಬುಕ್ ಇಡಿ. 'ಸಿಟ್ಟು ಮಾಡಿದ' ಎಂದು ಬರೆದರೆ ಪ್ರಯೋಜನವಿಲ್ಲ. 'ಸಾರು ತಣ್ಣಗಿತ್ತು, ತಾಟು ಒಗೆದ, ಇಪ್ಪತ್ತು ನಿಮಿಷದ ಮೇಲೆ ಅತ್ತ, ಕುಡಿದಿರಲಿಲ್ಲ' ಎಂದು ಬರೆಯಿರಿ. ಕುಡಿದಿದ್ದನೋ ಇಲ್ಲವೋ ಎಂಬ ಕೊನೆಯ ಮಾತು ಬಹಳ ಮುಖ್ಯ, ಜನ ಬಿಡುವುದೂ ಅದನ್ನೇ. ಇದು ಮೊದಲು ಯಾವ ವಯಸ್ಸಿನಲ್ಲಿ ಕಂಡಿತು, ಎಷ್ಟು ಕೆಲಸ ಬಿಟ್ಟ, ಯಾಕೆ, ಇವೂ ಇರಲಿ. ಹೋಗುವಾಗ ಹೆಂಡತಿಯ ಜತೆಗೆ, ಹರೆಯದಲ್ಲಿ ಅವನನ್ನು ಕಂಡವರೊಬ್ಬರು ಬರಲಿ: ಅವ್ವ, ಸೋದರಮಾವ, ಹೈಸ್ಕೂಲ್ ಗೆಳೆಯ. ಹದಿನೆಂಟು ತುಂಬದವರಿಗೆ ಈ ಹೆಸರು ಕೊಡಲು ವೈದ್ಯರು ಹಿಂಜರಿಯುತ್ತಾರೆ, ಅದು ಸರಿಯೂ ಹೌದು. ಒಂದೇ ಭೇಟಿಯಲ್ಲಿ ಚೀಟಿಯ ಮೇಲೆ ಹೆಸರು ಬರೆದುಕೊಟ್ಟರೆ ಇನ್ನೊಬ್ಬರನ್ನೂ ಕೇಳಿ.

ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಮನೋರೋಗ ವಿಭಾಗವಿದೆ. ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಬಹುದು. ಈ ತೊಂದರೆಗೆಂದೇ ಒಂದು ಗುಳಿಗೆ ಇಲ್ಲ. ಜತೆಗಿರುವ ಖಿನ್ನತೆ, ನಿದ್ದೆಗೇಡಿಗೆ ಮಾತ್ರ ಔಷಧ, ಉಳಿದದ್ದು ಮಾತಿನ ಚಿಕಿತ್ಸೆ. ಬಾರ್ಡರ್‌ಲೈನ್‌ಗೆಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ರೂಪಿಸಿದ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವರ್ಷದ ಕೆಲಸ. ಎರಡು ತಿಂಗಳಿಗೆ "ಏನೂ ಫರಕ್ ಇಲ್ರೀ" ಎಂದು ಬಿಡುವವರುಂಟು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಇಲ್ಲಿ ಪೂರ್ತಿ ನಿಜವಲ್ಲ: ಬಾರ್ಡರ್‌ಲೈನ್ ಇದ್ದವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನವರ ಲಕ್ಷಣಗಳು ಇಳಿದಿವೆ. ಆದರೆ ಲಗ್ನ ಮಾಡಿದರೆ ಸರಿಹೋಗುತ್ತಾನೆ ಎಂಬುದು ಚಿಕಿತ್ಸೆಯಲ್ಲ, ಇನ್ನೊಂದು ಜೀವವನ್ನು ಸಿಕ್ಕಿಸುವುದು. ಜಗಳದ ನಡುವೆ "ನಿನಗ ಬಾರ್ಡರ್‌ಲೈನ್ ಐತಿ" ಅನ್ನುವುದೂ ಅಷ್ಟೇ ಕೆಟ್ಟದ್ದು.

ಸಾಯುವ ಮಾತು ಬಂದರೆ ಮಾತ್ರ ನೋಟ್‌ಬುಕ್ಕಿಗೆ ಕಾಯಬೇಡಿ. "ನಾಟಕ ಮಾಡ್ತಾಳ" ಅನ್ನಬೇಡಿ. ಹೊಲಕ್ಕೆ ಹೊಡೆಯುವ ಎಣ್ಣಿ, ಮನೆಯಲ್ಲಿನ ಗುಳಿಗೆ ಎಲ್ಲ ಬೀಗದೊಳಗೆ ಹೋಗಲಿ, ಕೀಲಿ ಬೇರೆಯವರ ಕೈಯಲ್ಲಿರಲಿ. ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.