ಚೀಲದಲ್ಲಿ ಎಷ್ಟು ರೊಟ್ಟಿ ಹಿಡಿಯುತ್ತವೆ?

ಮೊನ್ನೆ ಅವ್ವನ ಹತ್ತಿರ ಬೈಸಿಕೊಂಡೆ. ನಮಗಿಲ್ಲಿ ರಾತ್ರಿ, ಅವಳಿಗೆ ದೀಪ ಹಚ್ಚುವ ಹೊತ್ತು. ವಿಡಿಯೋ ಕಾಲಿನಲ್ಲಿ ನೆಲದ ತುಂಬ ಹರವಿಕೊಂಡಿದ್ದ ಪೊಟ್ಟಣ ತೋರಿಸಿ, "ಭೂಕಂಪ ಆದ್ರ ಹೊತ್ಕೊಂಡು ಓಡೋ ಚೀಲವ್ವ, ಊಟ ತುಂಬಾಕತ್ತೀನಿ" ಅಂದೆ. "ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತಾಡ್ತಿ" ಅಂದವಳೇ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ನಾವಿರುವ ಜಪಾನಿನ ಯೊಕೊಹಾಮಾದಲ್ಲಿ ಸೆಪ್ಟೆಂಬರ್ 1 ಬಂತೆಂದರೆ ಈ ಚೀಲದ್ದೇ ಮಾತು. 1923ರಲ್ಲಿ ಅದೇ ದಿನ ಈ ಊರು ಭೂಕಂಪಕ್ಕೆ ನೆಲ ಕಚ್ಚಿತ್ತು. ಕಡೇಪಕ್ಷ ಮೂರು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ ಅನ್ನುತ್ತಾರೆ. ನಾವು ಮೂವರು, ಮೂರು ಹೊತ್ತು, ಅಂದರೆ 27 ಊಟ. ರೆಡಿ ಸಾರಿನ ಪೊಟ್ಟಣ ಭಾರ, ಅದರಲ್ಲಿ ನೀರೇ ಜಾಸ್ತಿ. ಅದಕ್ಕೇ ಒಣಗಿಸಿದ ಅನ್ನ ತಂದೆ. ಪೊಟ್ಟಣಕ್ಕೆ ಸುಮಾರು 100 ಗ್ರಾಂ, ಐದು ವರ್ಷ ಕೆಡುವುದಿಲ್ಲ. ಎಷ್ಟು ಜಾಣೆ ನಾನು ಅಂದುಕೊಂಡೆ.

ಪಕ್ಕದ ಮನೆ ಅಜ್ಜಿ ಬಂದು ಚೀಲ ಎತ್ತಿ ನೋಡಿದರು. "ಹಗುರ ಇದೆ. ನೀರು?"

ಕುಡಿಯೋಕೆ, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಮೂರು ಲೀಟರ್. ಅದೂ 27ಕ್ಕೇ ಬಂತು, ಆದರೆ ಇದು ಕಿಲೋ ಲೆಕ್ಕ! "ಅದೆಲ್ಲ ಹೊರೋಕಾಗಲ್ಲ. ಚೀಲದಲ್ಲಿ ಒಂದೆರಡು ಬಾಟಲಿ, ಉಳಿದಿದ್ದು ಮನೆಯಲ್ಲಿ" ಅಂದರು ಅಜ್ಜಿ. ಹೊರಡುವಾಗ ಇನ್ನೊಂದು ಕೇಳಿದರು. "ಮಗಳು ಇದನ್ನ ತಿಂದು ನೋಡಿದ್ದಾಳಾ?"

ಇಲ್ಲ. ಸಂಜೆ ಒಂದು ಪೊಟ್ಟಣ ಒಡೆದೆ. ಬಿಸಿನೀರಾದರೆ 15 ನಿಮಿಷ ಸಾಕು. ಆದರೆ ಭೂಕಂಪದ ದಿನ ಗ್ಯಾಸ್ ಎಲ್ಲಿರುತ್ತೆ? ತಣ್ಣೀರು ಹಾಕಿ ಒಂದು ಗಂಟೆ ಕಾದೆವು. ಮಗಳು ಎರಡು ಚಮಚ ತಿಂದು ತಟ್ಟೆ ತಳ್ಳಿದಳು. ಸೀದಾ ಅಡುಗೆಮನೆಗೆ ಹೋಗಿ, ಊರಿಂದ ತಂದಿದ್ದ ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದು ಲಟಕ್ಕನೆ ಮುರಿದಳು. ಶೇಂಗಾ ಪುಡಿ ಒತ್ತಿಕೊಂಡು ತಿನ್ನುತ್ತಾ ಕೇಳಿದಳು. "ಇದಕ್ಕೆ ನೀರು ಹಾಕಿ ಕಾಯೋದೇ ಬೇಡ. ಅಮ್ಮಾ, ನಿಮ್ಮೂರಲ್ಲೂ ಭೂಕಂಪ ಆಗ್ತಿತ್ತಾ?"

ನಕ್ಕುಬಿಟ್ಟೆ. ಭೂಕಂಪ ಅಲ್ಲ ಪುಟ್ಟಿ, ಹೊಳೆ.

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಹೊಳೆದಂಡೆಯ ಊರು. ತಿಂಗಳಿಟ್ಟರೂ ಕೆಡದ ರೊಟ್ಟಿ ನಮಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ಗಾಡಿ ತುಂಬಿಕೊಂಡು ಹೋಗುವುದು ಇದೇ ರೊಟ್ಟಿ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಬಂದಾಗ ಅವ್ವ ಮೊದಲು ಇಳಿಸಿದ್ದು ರೊಟ್ಟಿ ಬುಟ್ಟಿ. ಹಳೇ ಸೀರೆಯಲ್ಲಿ ಕಟ್ಟಿ ತಲೆ ಮೇಲಿಟ್ಟುಕೊಂಡು ನಡೆದಳು. ಎರಡು ದಿನ ಶಾಲೆಯ ಮಾಳಿಗೆ ಮೇಲೆ ನಾವೂ ಅಕ್ಕಪಕ್ಕದವರೂ ಅದನ್ನೇ ತಿಂದೆವು. ರೇಷನ್ ಕಾರ್ಡು, ಹೊಲದ ಪಾಣಿ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮಾತ್ರ ಟ್ರಂಕಿನಲ್ಲೇ ಉಳಿದು ಮುದ್ದೆಯಾದವು. ಆಮೇಲೆ ಆರು ತಿಂಗಳು ಅಪ್ಪ ಕಚೇರಿ ಅಲೆದ. ಇಲ್ಲಿ ಅಜ್ಜಿಯ ಚೀಲದಲ್ಲಿ ಕಾಗದಗಳ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗಿದೆ. ನಮ್ಮಲ್ಲಿ ಅಂಥ ಮಾತೆತ್ತಿದರೆ ಬಿಡ್ತು ಅನ್ನಬೇಕು. ಹೊಳೆ ಮಾತ್ರ ಬಿಡಲಿಲ್ಲ, ಅಲ್ವಾ?

ಈಗ ಚೀಲದಲ್ಲಿ ಅನ್ನದ ಪೊಟ್ಟಣ ಅರ್ಧ, ರೊಟ್ಟಿ ಅರ್ಧ. ಪುಡಿಯಾಗದಿರಲಿ ಅಂತ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿದ್ದೇನೆ. ಶೇಂಗಾ ಪುಡಿ ಸ್ವಲ್ಪವೇ, ಖಾರ ತಿಂದರೆ ಮತ್ತೆ ನೀರು ಬೇಕಲ್ಲ.

ನಿನ್ನೆ ಅವ್ವನೇ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ ದನಿ ತಗ್ಗಿಸಿ ಕೇಳಿದಳು. "ಆ ಚೀಲದಾಗ ಎಷ್ಟು ರೊಟ್ಟಿ ಹಿಡೀತಾವ?"