ಬಾಣದೊಳಗೆ ಏನಿದೆ?

ಸಮಾಜವಿಜ್ಞಾನದ ಪ್ರಬಂಧಗಳಲ್ಲಿ ‘ಸೈದ್ಧಾಂತಿಕ ಚೌಕಟ್ಟು’ ಎಂಬ ಅಧ್ಯಾಯ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತದೆ. ನಾಲ್ಕೈದು ವಿದ್ವಾಂಸರ ಹೆಸರು, ಒಬ್ಬೊಬ್ಬರದೂ ಒಂದು ವ್ಯಾಖ್ಯಾನ, ಕೊನೆಗೆ ಎರಡು ಚೌಕ, ನಡುವೆ ಒಂದು ಬಾಣ. ಎಡಕ್ಕೆ ಶಿಕ್ಷಣ, ಬಲಕ್ಕೆ ಮತದಾನ. ಶಿಕ್ಷಣ ಹೆಚ್ಚಿದರೆ ಮತದಾನ ಹೆಚ್ಚುತ್ತದೆ ಎಂಬುದು ಒಟ್ಟು ತಾತ್ಪರ್ಯ. ಇಷ್ಟರಿಂದ ಸಿಗುವುದು ಒಂದು ಊಹೆ ಮಾತ್ರ. ಆ ಬಾಣದೊಳಗೆ ಏನು ನಡೆಯುತ್ತದೆ ಎಂದು ಬರೆಯಲು ಕೂತಾಗ ಸಿದ್ಧಾಂತದ ಕೆಲಸ ಶುರುವಾಗುತ್ತದೆ.

ಓದಿದವರಿಗೆ ರಾಜಕೀಯ ಸುದ್ದಿ ಅರ್ಥವಾಗುವುದರಿಂದ ಆಸಕ್ತಿ ಹುಟ್ಟುತ್ತದೆಯೋ? ಅವರ ಒಡನಾಟದಲ್ಲಿ ಎಲ್ಲರೂ ಮತ ಹಾಕುವುದರಿಂದ ಇವರೂ ಹಾಕುತ್ತಾರೋ? ಅಥವಾ ಅನುಕೂಲಸ್ಥ ಮನೆಯ ಮಕ್ಕಳೇ ಹೆಚ್ಚು ಓದುತ್ತಾರೆ, ಮತಗಟ್ಟೆಗೂ ಅವರೇ ಹೋಗುತ್ತಾರೆ, ಓದಿಗೂ ಮತಕ್ಕೂ ನೇರ ನಂಟೇ ಇಲ್ಲವೋ? ಮೂರಕ್ಕೂ ಬಾಣ ಒಂದೇ. ಮೂರೂ ಮುಂದಕ್ಕೆ ಹೇಳುವುದು ಮಾತ್ರ ಬೇರೆಬೇರೆ. ಕೊನೆಯದು ನಿಜವಾದರೆ, ಒಂದೇ ಮನೆಯಲ್ಲಿ ಬೆಳೆದು ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಓದಿದ ಒಡಹುಟ್ಟಿದವರ ನಡುವೆ ವ್ಯತ್ಯಾಸ ಕಾಣಬಾರದು. ಎರಡನೆಯದು ನಿಜವಾದರೆ, ಒಬ್ಬರ ಓದಿನಷ್ಟೇ ಇರುವ ಇನ್ನೊಬ್ಬರು ಮತ ಹಾಕದವರ ನಡುವೆ ಬದುಕುತ್ತಿದ್ದರೆ ಮನೆಯಲ್ಲೇ ಉಳಿಯಬೇಕು. ಯಾವ ಸಹಸಂಬಂಧಕ್ಕೂ (ಎರಡು ಸಂಗತಿಗಳು ಜೊತೆಜೊತೆಗೆ ಏರಿಳಿಯುವುದಕ್ಕೂ) ಕನಿಷ್ಠ ಮೂರು ವಿವರಣೆ ಹೊಳೆಯದ ವಿದ್ಯಾರ್ಥಿ ಬೇರೆ ಕಸುಬು ಹುಡುಕಿಕೊಳ್ಳುವುದು ಮೇಲು ಎಂಬರ್ಥದ ಮಾತನ್ನು ಸಮಾಜಶಾಸ್ತ್ರಜ್ಞ ಆರ್ಥರ್ ಸ್ಟಿಂಚ್‌ಕೂಂಬ್ 1968ರಲ್ಲೇ ಆಡಿದ್ದರು. ಮಾತು ಖಾರ, ಆದರೆ ಅಭ್ಯಾಸವಾಗಿ ಒಳ್ಳೆಯದು. ಮೂರನ್ನೂ ಬರೆದು, ಪ್ರತಿಯೊಂದರ ಎದುರು ‘ಇದು ನಿಜವಾದರೆ ಏನು ಕಾಣಬಾರದು’ ಎಂದು ಒಂದು ಸಾಲು ಸೇರಿಸಿ. ಆ ಸಾಲು ಬರೆಯಲಾಗದ ವಿವರಣೆಯನ್ನು ಅಲ್ಲೇ ಬಿಟ್ಟುಬಿಡಬಹುದು.

ಬಾಣದ ಒಳಗನ್ನು ಬರೆಯುವಾಗ ಹೆಚ್ಚಿನವರು ಎಡವುವುದು ಕೊನೆಯ ಮೆಟ್ಟಿಲಲ್ಲಿ. ಪರಿಸ್ಥಿತಿ ವ್ಯಕ್ತಿಯನ್ನು ಹೇಗೆ ತಟ್ಟುತ್ತದೆ, ವ್ಯಕ್ತಿ ಏನು ಮಾಡುತ್ತಾನೆ ಎಂಬುದನ್ನು ವಿವರಿಸುತ್ತಾರೆ. ಹಲವರು ಮಾಡಿದ್ದು ಒಟ್ಟುಗೂಡಿ ಸಮಾಜದ ಮಟ್ಟದಲ್ಲಿ ಹೇಗೆ ಒಂದು ಫಲವಾಗುತ್ತದೆ ಎಂಬಲ್ಲಿ ‘ಹೀಗಾಗಿ’ ಎಂದು ಬರೆದು ದಾಟಿಬಿಡುತ್ತಾರೆ. ಆ ‘ಹೀಗಾಗಿ’ ಎಷ್ಟು ದುಬಾರಿ ಎಂಬುದನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1978ರಲ್ಲಿ ಒಂದು ಸಣ್ಣ ಲೆಕ್ಕದಲ್ಲಿ ತೋರಿಸಿದರು. ನೂರು ಮಂದಿಯ ಗುಂಪು. ತನಗಿಂತ ಮೊದಲು ಎಷ್ಟು ಜನ ಕಲ್ಲೆತ್ತಿದರೆ ತಾನೂ ಎತ್ತುತ್ತೇನೆ ಎಂಬುದಕ್ಕೆ ಒಬ್ಬೊಬ್ಬರಿಗೂ ಒಂದು ಮಿತಿ: ಒಬ್ಬನಿಗೆ 0, ಇನ್ನೊಬ್ಬನಿಗೆ 1, ಮತ್ತೊಬ್ಬನಿಗೆ 2, ಹೀಗೆ 99ರ ತನಕ. 0ಯವನು ಎಸೆಯುತ್ತಾನೆ, ಅವನನ್ನು ಕಂಡು 1ರವನು, ಇಬ್ಬರನ್ನು ಕಂಡು 2ರವನು. ಕೊನೆಗೆ ನೂರೂ ಮಂದಿ ದೊಂಬಿಯಲ್ಲಿ. ಈಗ 1ರವನ ಮಿತಿಯನ್ನು 2 ಮಾಡಿ. ಮೊದಲಿನವನು ಎಸೆಯುತ್ತಾನೆ, ಅಲ್ಲಿಗೆ ಮುಗಿಯಿತು. ಗುಂಪಿನ ಸರಾಸರಿ ಮಿತಿ 49.50 ಇದ್ದದ್ದು 49.51 ಆಗಿದೆ, ಅಷ್ಟೇ. ಮನೋಭಾವದ ಸಮೀಕ್ಷೆ ಮಾಡಿದ್ದರೆ ಎರಡೂ ಗುಂಪು ಒಂದೇ ಎಂಬ ವರದಿ ಬರುತ್ತಿತ್ತು. ಒಂದು ಊರಲ್ಲಿ ಗಲಭೆ, ಪಕ್ಕದ ಊರಲ್ಲಿ ಇಲ್ಲ; ಆದ್ದರಿಂದ ಅಲ್ಲಿನವರ ಸ್ವಭಾವವೇ ಬೇರೆ ಎಂದು ತೀರ್ಮಾನಿಸುವವರು ಈ ಲೆಕ್ಕವನ್ನು ಕೈಯಲ್ಲಿ ಒಮ್ಮೆ ಮಾಡಿ ನೋಡಬೇಕು.

ಅದೇ ಗ್ರನೊವೆಟರ್ 1973ರಲ್ಲಿ ಮಂಡಿಸಿದ ಸಡಿಲ ನಂಟುಗಳ (ಆಪ್ತತೆಯಿಲ್ಲದ ಬರೀ ಪರಿಚಯಗಳ) ಸಿದ್ಧಾಂತ, ಕಟ್ಟುವುದಕ್ಕೂ ತೂಗುವುದಕ್ಕೂ ಒಳ್ಳೆಯ ಮಾದರಿ. ಅದರ ಮೂಲ ಊಹೆ ಒಂದೇ: ಅ ಎಂಬವನಿಗೆ ಬ ಜೊತೆಗೂ ಕ ಜೊತೆಗೂ ಗಾಢ ಸ್ನೇಹವಿದ್ದರೆ, ಬ ಮತ್ತು ಕ ಒಬ್ಬರಿಗೊಬ್ಬರು ಪರಿಚಿತರಾಗದೆ ಇರುವುದಿಲ್ಲ. ಇನ್ನು ಎರಡು ಗುಂಪುಗಳ ನಡುವೆ ಇರುವ ಏಕೈಕ ಕೊಂಡಿಯನ್ನು ಯೋಚಿಸಿ. ಅ–ಬ ಅಂಥ ಕೊಂಡಿ, ಅದೂ ಗಾಢ ಎಂದಿಟ್ಟುಕೊಳ್ಳಿ. ಅ ಎಂಬವನಿಗೆ ಇನ್ನೊಬ್ಬ ಆಪ್ತ ಕ ಇದ್ದರೆ, ಕ–ಬ ಪರಿಚಯವೂ ಆಗಿರಲೇಬೇಕು. ಆಗ ಕ ಮೂಲಕ ಎರಡನೇ ದಾರಿ ಬಂತು, ಅ–ಬ ಏಕೈಕ ಕೊಂಡಿಯಾಗಿ ಉಳಿಯಲಿಲ್ಲ. ಅಂದರೆ ಗುಂಪು ಗುಂಪುಗಳ ನಡುವಿನ ಏಕೈಕ ಕೊಂಡಿಗಳು ಸಡಿಲವಾಗಿಯೇ ಇರಬೇಕು. ಹೊರಗಿನ ಹೊಸ ಸುದ್ದಿ ಬರುವುದು ಅವುಗಳ ಮೂಲಕವೇ. ಕೆಲಸ ಖಾಲಿ ಇರುವ ಸುದ್ದಿಯೂ ಹಾಗೆಯೇ ಬರಬೇಕು. ಒಂದು ಊಹೆಯಿಂದ, ಮೇಲ್ನೋಟಕ್ಕೆ ಹೊಳೆಯದ ಫಲ ತರ್ಕದ ಮೆಟ್ಟಿಲಿಳಿದು ಬಂತು. ಇದೇ ಕಟ್ಟುವ ಕೆಲಸ.

ಪುರಾವೆ? ಗ್ರನೊವೆಟರ್ ವಿಚಾರಿಸಿದ, ಪರಿಚಯದ ಮೂಲಕ ಕೆಲಸ ಹಿಡಿದ 54 ಮಂದಿಯಲ್ಲಿ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7, ಅಪರೂಪಕ್ಕೆ ಭೇಟಿಯಾಗುತ್ತಿದ್ದವರು ಶೇ. 27.8, ನಡುವಿನವರು ಶೇ. 55.6. ಸಿದ್ಧಾಂತಕ್ಕೆ ಒಪ್ಪುತ್ತದೆ ಅನಿಸುತ್ತದೆ. ಆದರೆ ಛೇದವನ್ನು, ಅಂದರೆ ಒಟ್ಟು ಎಷ್ಟರಲ್ಲಿ ಇಷ್ಟು ಎಂಬುದನ್ನು ಕೇಳಿ. ಯಾರಿಗಾದರೂ ಆಪ್ತರು ಬೆರಳೆಣಿಕೆಯಷ್ಟು, ಸಡಿಲ ಪರಿಚಯದವರು ನೂರಾರು. ನೂರಾರು ಮಂದಿಯಿಂದ ಹೆಚ್ಚು ಸುದ್ದಿ ಬಂದರೆ ಅದು ನಂಟಿನ ಗುಣವೋ, ಬರೀ ಸಂಖ್ಯೆಯೋ? 2017ರಲ್ಲಿ ಪ್ರಕಟವಾದ ಫೇಸ್‌ಬುಕ್ ದತ್ತಾಂಶದ ಅಧ್ಯಯನ ಇದನ್ನೇ ಬಿಡಿಸಿತು: ಒಟ್ಟಾರೆ ನೆರವು ಹೆಚ್ಚು ಬರುವುದು ಸಡಿಲ ನಂಟುಗಳಿಂದ, ಕಾರಣ ಅವು ಬಹಳ, ಬಿಡಿಬಿಡಿಯಾಗಿ ಹೋಲಿಸಿದರೆ ಗಟ್ಟಿ ನಂಟಿನದೇ ಮೇಲುಗೈ. 2022ರಲ್ಲಿ ಬಂದ ಲಿಂಕ್ಡ್‌ಇನ್ ಪ್ರಯೋಗದಲ್ಲಿ ಎರಡು ಕೋಟಿಗೂ ಹೆಚ್ಚು ಬಳಕೆದಾರರಿಗೆ ತೋರಿಸುವ ಪರಿಚಯ ಸಲಹೆಗಳನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಬದಲಿಸಿ ನೋಡಿದರು. ನಂಟಿನ ಗಟ್ಟಿತನವನ್ನು ಇಬ್ಬರಿಗೂ ಗೊತ್ತಿರುವ ಸಮಾನ ಪರಿಚಿತರ ಸಂಖ್ಯೆಯಿಂದ ಅಳೆದಾಗ ಅತಿ ಸಡಿಲವೂ ಅಲ್ಲದ, ಗಟ್ಟಿಯೂ ಅಲ್ಲದ ನಂಟುಗಳಿಂದ ಕೆಲಸ ಬದಲಾವಣೆ ಹೆಚ್ಚು.

ಅದಕ್ಕೂ ಮೊದಲು, 1997ರಲ್ಲಿ, ಸಮಾಜಶಾಸ್ತ್ರಜ್ಞ ಯಾನ್‌ಜಿಯೆ ಬಿಯಾನ್ ಚೀನಾದ ತಿಯಾನ್‌ಜಿನ್ ನಗರದ 1988ರ ಸಮೀಕ್ಷೆ ಹಿಡಿದು ಅಲ್ಲಿ ಕೆಲಸ ಸಿಗುವುದು ಗಟ್ಟಿ ನಂಟಿನಿಂದ ಎಂದು ತೋರಿಸಿದ್ದರು. ಇಂಥಲ್ಲಿ ‘ಅಲ್ಲಿನ ಸಂಸ್ಕೃತಿ ಬೇರೆ’ ಎಂದು ವಿನಾಯಿತಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ಪರೀಕ್ಷಿಸಲು ಹೊಸದೇನೂ ಹುಟ್ಟುವುದಿಲ್ಲ. ಬಿಯಾನ್ ಹಾಗೆ ಮಾಡದೆ ಬಾಣದೊಳಕ್ಕೇ ಹೋದರು. ಕೆಲಸವನ್ನು ಸರ್ಕಾರವೇ ಹಂಚುವ ಕಡೆ ಸುದ್ದಿಗಿಂತ ಅಧಿಕಾರಿಯ ಕೃಪೆ ಮುಖ್ಯ. ನಿಯಮ ಮೀರಿ ಕೃಪೆ ತೋರಿಸಲು ನಂಬಿಕೆ ಬೇಕು. ನಂಬಿಕೆ ಇರುವುದು ಗಟ್ಟಿ ನಂಟಿನಲ್ಲಿ. ಈ ತಿದ್ದುಪಡಿ ಸಿದ್ಧಾಂತದ ಎಲ್ಲೆಯನ್ನು ಅದರ ಒಳಗಿನಿಂದಲೇ ಗುರುತಿಸುತ್ತದೆ, ಬೇರೆ ಎಲ್ಲಿ ಹೋಗಿ ನೋಡಬೇಕೆಂದೂ ಹೇಳುತ್ತದೆ: ಸುದ್ದಿ ಬಯಲಾಗಿದ್ದು ಶಿಫಾರಸೇ ನಡೆಯುವ ಯಾವ ದೇಶದಲ್ಲೂ ಇದೇ ಕಾಣಬೇಕು. ತಿದ್ದುಪಡಿ ಒಳ್ಳೆಯದೋ ನೆಪವೋ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆ ಇದು.

ದತ್ತಾಂಶದ ಮಟ್ಟ ತಪ್ಪಿದರೆ ಇಷ್ಟೆಲ್ಲ ತರ್ಕವೂ ನೀರುಪಾಲು. ಅಮೆರಿಕದ 1930ರ ಜನಗಣತಿಯನ್ನು ಹಿಡಿದು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ತೋರಿಸಿದ್ದು ಇದು: ರಾಜ್ಯವಾರು ನೋಡಿದರೆ ವಿದೇಶದಲ್ಲಿ ಹುಟ್ಟಿದವರ ಪ್ರಮಾಣಕ್ಕೂ ಅನಕ್ಷರತೆಗೂ ಸಹಸಂಬಂಧ ಸುಮಾರು –0.53, ಅಂದರೆ ಅವರು ಹೆಚ್ಚಿರುವ ರಾಜ್ಯದಲ್ಲಿ ಅನಕ್ಷರತೆ ಕಡಿಮೆ. ವ್ಯಕ್ತಿವಾರು ನೋಡಿದರೆ +0.12, ಅಂದರೆ ಅವರಲ್ಲೇ ಅನಕ್ಷರತೆ ತುಸು ಹೆಚ್ಚು. ಚಿಹ್ನೆಯೇ ತಿರುಗಿತು, ಏಕೆಂದರೆ ವಲಸಿಗರು ನೆಲೆಸಿದ್ದು ಸ್ಥಳೀಯರ ಸಾಕ್ಷರತೆ ಚೆನ್ನಾಗಿದ್ದ ರಾಜ್ಯಗಳಲ್ಲಿ. ಸಿದ್ಧಾಂತ ವ್ಯಕ್ತಿಯ ಬಗ್ಗೆ, ಅಂಕಿಅಂಶ ಜಿಲ್ಲೆಯ ಬಗ್ಗೆ: ಈ ಜೋಡಿ ಇಂದಿಗೂ ಚುನಾವಣಾ ವಿಶ್ಲೇಷಣೆಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಇನ್ನೊಂದು, ಗೆದ್ದವರನ್ನು ಮಾತ್ರ ನೋಡುವ ಚಾಳಿ. ವೇಗವಾಗಿ ಬೆಳೆದ ಕೆಲವು ದೇಶಗಳಲ್ಲಿ ಕಾರ್ಮಿಕರನ್ನು ಹತ್ತಿಕ್ಕಿದ್ದರು, ಆದ್ದರಿಂದ ಹತ್ತಿಕ್ಕಿದರೆ ಬೆಳವಣಿಗೆ ಎಂಬ ವಾದವನ್ನು ರಾಜಕೀಯವಿಜ್ಞಾನಿ ಬಾರ್ಬರಾ ಗೆಡ್ಡಿಸ್ 1990ರಲ್ಲಿ ಬೆಳೆಯದ ದೇಶಗಳನ್ನೂ ಸೇರಿಸಿ ಪರೀಕ್ಷಿಸಿದರು. ನಂಟು ಹೆಚ್ಚುಕಡಿಮೆ ಕರಗಿಹೋಯಿತು.

ಒಂದೇ ಪ್ರಕರಣವನ್ನು ಹಿಡಿದು ಕೂತವರಿಗೆ ಸಹಸಂಬಂಧದ ಅನುಕೂಲವಿಲ್ಲ. ಅವರು ಪುರಾವೆಯನ್ನೇ ಜಾತಿ ವಿಂಗಡಿಸಬೇಕು. ಕೆಲವು ಪುರಾವೆ ಇರಲೇಬೇಕಾದವು: ಮಂತ್ರಿಮಂಡಲ ಮುಷ್ಕರಕ್ಕೆ ಹೆದರಿ ಮಸೂದೆ ಕೈಬಿಟ್ಟಿತು ಎಂದರೆ, ಕೈಬಿಡುವ ಮೊದಲೇ ಮುಷ್ಕರದ ಸುದ್ದಿ ಅವರಿಗೆ ಮುಟ್ಟಿರಬೇಕು. ಮುಟ್ಟಿಲ್ಲದಿದ್ದರೆ ವಿವರಣೆ ಬಿತ್ತು. ಮುಟ್ಟಿದ್ದರೆ ಬರೀ ಉಳಿಯಿತು, ಗೆಲ್ಲಲಿಲ್ಲ. ಕೆಲವು, ಸಿಕ್ಕರೆ ಬೇರೆ ವಿವರಣೆಗೆ ಜಾಗ ಬಿಡದವು: ಮುಷ್ಕರದ ಕಾರಣಕ್ಕೇ ಹಿಂದೆ ಸರಿಯೋಣ ಎಂದು ದಾಖಲಾದ ಗುಪ್ತ ನಡಾವಳಿ. ಅದು ಸಿಗದಿದ್ದರೂ ವಿವರಣೆ ಸುಳ್ಳಾಗುವುದಿಲ್ಲ. ಪತ್ರಾಗಾರಕ್ಕೆ ಕಾಲಿಡುವ ಮೊದಲೇ ಯಾವ ಕಡತ ಯಾವ ಜಾತಿಯದು ಎಂದು ಬರೆದಿಟ್ಟುಕೊಳ್ಳಿ. ಸಿಕ್ಕ ಮೇಲೆ ಬರೆಯಲು ಹೊರಟರೆ ಎಲ್ಲ ಕಾಗದವೂ ಎರಡನೇ ಜಾತಿಯದಾಗಿ ಕಾಣತೊಡಗುತ್ತದೆ.