ಇಷ್ಟು ಬೈಯುತ್ತೀರಿ, ಮತ್ತೆ ಆ ಹಳೆಯ ಜಪಾನಿ ಆಟಗಳನ್ನೇ ಏಕೆ ಆಡುತ್ತೀರಿ?

ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಕೆಲವರು ಕಾಲೆಳೆಯಲು ಕೇಳುತ್ತಾರೆ, ಕೆಲವರು ನಿಜವಾಗಿಯೂ ತಿಳಿಯದೆ ಕೇಳುತ್ತಾರೆ. ಅಕ್ಕನ ಮಗ ಒಮ್ಮೆ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿ, “ಮಾಮ, ಬರೀ ಮೆನು ಒತ್ತುತ್ತಾ ಇದ್ದೀಯಲ್ಲ, ಆಟ ಶುರುವಾಗುವುದು ಯಾವಾಗ?” ಎಂದ. ಡ್ರ್ಯಾಗನ್ ಕ್ವೆಸ್ಟ್, ಫೈನಲ್ ಫ್ಯಾಂಟಸಿ, ಕ್ರೋನೋ ಟ್ರಿಗರ್ ಮುಂತಾದ ಈ ಬಗೆಯ ವಿಡಿಯೋ ಗೇಮ್‌ಗಳಿಗೆ ಅಭಿಮಾನಿಗಳು ಜೆಆರ್‌ಪಿಜಿ, ಅಂದರೆ ಜಪಾನಿ ರೋಲ್-ಪ್ಲೇಯಿಂಗ್ ಗೇಮ್, ಎನ್ನುತ್ತಾರೆ. ಊರು ಬಿಟ್ಟು ಹೊರಡುವ ಒಬ್ಬ ಹುಡುಗ, ದಾರಿಯಲ್ಲಿ ಜೊತೆಯಾಗುವ ನಾಲ್ಕಾರು ಮಂದಿ, ಸರದಿಯಂತೆ ಏಟು ಕೊಟ್ಟು ಏಟು ತಿನ್ನುವ ಕಾಳಗ, ದಿನಗಟ್ಟಲೆ ಮುಗಿಯದ ಕತೆ. ಇವುಗಳ ಬಗ್ಗೆ ಮಾತು ಶುರುವಾದರೆ ನನ್ನ ಬಾಯಿಂದ ಮೊದಲು ಬರುವುದು ದೂರುಗಳೇ. ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ.

ಕೇಳಿದವರೇ ‘ಬಾಲ್ಯದ ನೆನಪು ಇರಬೇಕು’ ಎಂದು ಉತ್ತರವನ್ನೂ ಕೊಟ್ಟುಬಿಡುತ್ತಾರೆ. ಜಪಾನಿನವರಿಗೆ ಅದು ಒಪ್ಪುವ ಉತ್ತರ. 90ರ ದಶಕದಲ್ಲಿ ನಮ್ಮ ಕಡೆ ಟಿ.ವಿ.ಗೆ ಸಿಕ್ಕಿಸುತ್ತಿದ್ದ ನಕಲಿ ಕನ್ಸೋಲ್‌ಗಳಲ್ಲಿ ನನ್ನಂಥವರಿಗೆ ಸಿಕ್ಕಿದ್ದು ಮಾರಿಯೋ ಮತ್ತು ಕಾಂಟ್ರಾ. ಈ ಉದ್ದುದ್ದ ಕತೆಯ ಆಟಗಳ ಹೆಸರನ್ನೂ ನಾವು ಕೇಳಿರಲಿಲ್ಲ. ದೊಡ್ಡವನಾಗಿ, ಕಂಪ್ಯೂಟರ್ ಕೈಗೆ ಬಂದ ಮೇಲೆ ಇವುಗಳ ಪರಿಚಯವಾಯಿತು. ಬಾಲ್ಯದ ಮೋಹದಲ್ಲಿ ಕಣ್ಣುಮುಚ್ಚಿ ಮನ್ನಿಸುವ ಹಂಗು ನನಗಿಲ್ಲ. ಅದರಿಂದಲೇ ಮನಸ್ಸು ಬಿಚ್ಚಿ ಬೈಯಲು ಸಾಧ್ಯವಾಗಿದೆ.

ನನ್ನ ಉತ್ತರ ಇಷ್ಟು: ಈ ಆಟಗಳು ಕೊಡುವ ಕಾಟದಲ್ಲಿ ಒಂದು ಪಾಲನ್ನು ಕಿತ್ತುಹಾಕಿದರೆ ನಾವು ಇಷ್ಟಪಡುವ ಭಾಗವೂ ಅದರ ಜೊತೆಗೇ ಕಿತ್ತುಬರುತ್ತದೆ. ಉಳಿದ ಪಾಲು ಶುದ್ಧ ಕಾಟ, ಅದನ್ನು ಎಷ್ಟು ಬೈದರೂ ಪಾಪವಿಲ್ಲ. ಯಾವುದು ಯಾವ ಪಾಲಿಗೆ ಸೇರಬೇಕು ಎಂಬುದೇ ಅಭಿಮಾನಿಗಳ ನಡುವಿನ ಎಂದೂ ಮುಗಿಯದ ಜಗಳ.

ಮೂಲದಿಂದಲೇ ನೋಡೋಣ. ಮೊದಲ ಡ್ರ್ಯಾಗನ್ ಕ್ವೆಸ್ಟ್ 1986ರ ಮೇ 27ರಂದು ನಿಂಟೆಂಡೋದ ಫ್ಯಾಮಿಕಾಮ್ ಯಂತ್ರಕ್ಕೆ ಬಂತು. ಕತೆ ಮತ್ತು ವಿನ್ಯಾಸ ಯೂಜಿ ಹೋರಿಯದು, ಚಿತ್ರಗಳು ಅಕಿರಾ ತೊರಿಯಾಮಾರದು, ಸಂಗೀತ ಕೊಯಿಚಿ ಸುಗಿಯಾಮಾರದು. ಇಡೀ ಆಟ 64 ಕಿಲೋಬೈಟ್. ಬೆಳಗಾದರೆ ವಾಟ್ಸಾಪ್‌ಗೆ ಬಂದು ಬೀಳುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಜಪಾನಿ ಭಾಷೆಯ ಕಟಕಾನ ಅಕ್ಷರಗಳನ್ನೆಲ್ಲ ತುಂಬಲು ಜಾಗ ಸಾಲದೆ ಸುಮಾರು 20 ಅಕ್ಷರಗಳನ್ನು ಮಾತ್ರ ಆರಿಸಿಕೊಂಡರು. ರಾಕ್ಷಸರಿಗೂ ಮಂತ್ರಗಳಿಗೂ ಆ ಅಕ್ಷರಗಳಲ್ಲಿ ಹೊಂದುವ ಹೆಸರುಗಳನ್ನೇ ಇಟ್ಟರು. ಇನ್ನು ಆಡಿದ್ದನ್ನು ಉಳಿಸಿಡಲು ಜಾಗವೆಲ್ಲಿ? ಅದಕ್ಕೊಂದು ಉಪಾಯ ಹೂಡಿದರು. ರಾಜನ ಬಳಿ ಹೋದರೆ ಅವನು 20 ಅಕ್ಷರಗಳ ಒಂದು ‘ಮಂತ್ರ’ ಹೇಳುತ್ತಾನೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಮರುದಿನ ಒಂದೊಂದೇ ಅಕ್ಷರವಾಗಿ ತುಂಬಬೇಕು. 1987ರಲ್ಲಿ ಬಂದ ಎರಡನೆಯ ಆಟದಲ್ಲಿ ಈ ಮಂತ್ರ 52 ಅಕ್ಷರಗಳವರೆಗೆ ಬೆಳೆಯಿತು.

ಆ ಕಾಲದ ಟಿ.ವಿ. ಪರದೆಯಲ್ಲಿ ಅದನ್ನು ನಕಲು ಮಾಡುವುದು ಎಂಥ ಕೆಲಸ ಎಂದು ಊಹಿಸಿ. ಜಪಾನಿಯಲ್ಲಿ ಹ, ಬ, ಪ ಎಂಬ ಮೂರಕ್ಕೂ ಅಕ್ಷರದ ಮೈಕಟ್ಟು ಒಂದೇ. ಬ ಆದರೆ ಮೂಲೆಯಲ್ಲಿ ಎರಡು ಪುಟ್ಟ ಗೀಟು, ಪ ಆದರೆ ಒಂದು ಪುಟ್ಟ ಸೊನ್ನೆ. ಮಸುಕಾದ ಪರದೆಯಲ್ಲಿ ಗೀಟು ಯಾವುದು, ಸೊನ್ನೆ ಯಾವುದು? ಒಂದು ತಪ್ಪಿದರೂ ‘ಮಂತ್ರ ಸರಿಯಿಲ್ಲ’ ಎಂಬ ಸಾಲು ಬಂದು ನಿಲ್ಲುತ್ತಿತ್ತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ. 1988ರ ಫೆಬ್ರುವರಿ 10ರಂದು ಬಂದ ಮೂರನೆಯ ಆಟದ ಕಾರ್ಟ್ರಿಡ್ಜ್‌ಗೆ ಬ್ಯಾಟರಿ ಹಾಕಿದರು, ಮಂತ್ರದ ಕಾಟ ತಪ್ಪಿತು. ಆದರೆ ಆ ಬ್ಯಾಟರಿ ನೆನಪೂ ಕೈಕೊಡುತ್ತಿತ್ತು. ಯಂತ್ರ ಹಚ್ಚಿದೊಡನೆ ಶಾಪ ತಟ್ಟಿದಾಗ ಬರುವ ಕರ್ಕಶ ರಾಗ, ಅದರ ಜೊತೆಗೆ ‘ವಿಷಾದದ ಸಂಗತಿ, ನಿಮ್ಮ ಸಾಹಸದ ಪುಸ್ತಕ ಅಳಿಸಿಹೋಗಿದೆ’ ಎಂಬ ವಿನಯದ ಸಾಲು. ಜಪಾನಿನ ಒಂದು ಇಡೀ ತಲೆಮಾರು ಇಂದಿಗೂ ಆ ಸಾಲನ್ನು ಹೇಳಿಕೊಂಡು ನಗುತ್ತದೆ. ಅಂದು ಯಾರೂ ನಕ್ಕಿರಲಿಕ್ಕಿಲ್ಲ.

ಇಷ್ಟು ಕಾಟ ಕೊಟ್ಟ ಆಟವನ್ನು ಜನ ದೂರ ಎಸೆಯಬೇಕಿತ್ತು. ಬದಲಿಗೆ, ಬುಧವಾರ ಬಿಡುಗಡೆಯಾದ ಆ ಮೂರನೆಯ ಆಟಕ್ಕೆ ಶಾಲೆ ತಪ್ಪಿಸಿ ಸಾಲುಗಟ್ಟಿ ನಿಂತ ನೂರಾರು ಮಕ್ಕಳನ್ನು ಪೊಲೀಸರು ಹಿಡಿಯಬೇಕಾಯಿತು. (ಆಮೇಲೆ ಸರಕಾರ ಕಾನೂನು ಮಾಡಿ ವಾರದ ದಿನಗಳಲ್ಲಿ ಈ ಆಟ ಮಾರುವುದನ್ನು ನಿಷೇಧಿಸಿತು ಎಂಬ ಕತೆಯನ್ನು ನೀವೂ ಕೇಳಿರಬಹುದು. ಅದು ಕತೆಯೇ, ಅಂಥ ಕಾನೂನು ಇಲ್ಲ.)

ಕಾರಣ ಹೋರಿಯ ಒಂದು ಲೆಕ್ಕಾಚಾರದಲ್ಲಿದೆ. ಅಮೆರಿಕದ ವಿಝರ್ಡ್ರಿ, ಅಲ್ಟಿಮಾ ಆಟಗಳನ್ನು ಮೆಚ್ಚಿದ್ದ ಅವರಿಗೆ ಅಂಥದ್ದು ಸಾಮಾನ್ಯ ಹುಡುಗರ ಕೈಗೂ ಎಟುಕಬೇಕಿತ್ತು. ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ನೀವು ಸತ್ತರೆ ಆಟ ಮುಗಿಯುವುದಿಲ್ಲ. ರಾಜನ ಮುಂದೆ ಕಣ್ಣು ತೆರೆಯುತ್ತೀರಿ, ಅವನು “ವೀರನೇ, ಸತ್ತುಹೋದೆಯಾ, ನಾಚಿಕೆಗೇಡು” ಎಂದು ಗದರುತ್ತಾನೆ, ಚೀಲದ ಹಣದಲ್ಲಿ ಅರ್ಧ ಹೋಗಿರುತ್ತದೆ. ಕಾಳಗಗಳಲ್ಲಿ ಗಳಿಸಿದ, ಬಲ ಹೆಚ್ಚಿಸುವ ಅನುಭವ ಮಾತ್ರ ಒಂದು ಚೂರೂ ಹೋಗಿರುವುದಿಲ್ಲ. ಅಂದರೆ ಸೋತರೂ ನೀವು ನಿನ್ನೆಗಿಂತ ಗಟ್ಟಿ. ಬೆರಳಿನ ಚುರುಕು ಬೇಡ, ಕಣ್ಣಿನ ವೇಗ ಬೇಡ. ತಾಳ್ಮೆಯೊಂದಿದ್ದರೆ ಯಾರು ಬೇಕಾದರೂ ಕೊನೆ ಮುಟ್ಟಬಹುದು. ಕಾಂಟ್ರಾದಲ್ಲಿ ಮೂರನೆಯ ಹಂತ ದಾಟಲಾಗದ ನನ್ನಂಥವನಿಗೆ ಇದೆಂಥ ಔದಾರ್ಯ ಎಂದು ಬೇರೆ ಹೇಳಬೇಕಿಲ್ಲ. ಅಭಿಮಾನಿಗಳು ಗ್ರೈಂಡಿಂಗ್ ಎಂದು ಶಪಿಸುವುದು, ಅದೇ ಬಯಲಿನಲ್ಲಿ ಸ್ಲೈಮ್ ಎಂಬ ಅದೇ ಪುಟ್ಟ ರಾಕ್ಷಸರನ್ನು ಮತ್ತೆ ಮತ್ತೆ ಬಡಿಯುವ ಆ ಜೀತ, ಈ ಔದಾರ್ಯದ ಇನ್ನೊಂದು ಮುಖ. ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವುದು ಸುಲಭವಲ್ಲ.

ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಧುತ್ತೆಂದು ಎದುರಾಗುವ ಕಾಳಗಗಳ ಬಗ್ಗೆ ನನ್ನ ಸಹನೆ ಇಷ್ಟು ದೊಡ್ಡದಲ್ಲ. ಆದರೂ ಗುಹೆಗಳಲ್ಲಿ ಅವಕ್ಕೊಂದು ಕೆಲಸವಿದೆ. ಗುಹೆ ಹೊಕ್ಕಾಗ ಕೈಯಲ್ಲಿ ಇಷ್ಟು ಔಷಧಿ, ಇಷ್ಟು ಮಂತ್ರಶಕ್ತಿ. ಪ್ರತಿ ಸಣ್ಣ ಕಾಳಗವೂ ಅದರಲ್ಲಿ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಇನ್ನೊಂದು ಮೆಟ್ಟಿಲು ಇಳಿಯಬೇಕೇ, ಇಲ್ಲಿಗೇ ಸಾಕೆಂದು ತಿರುಗಬೇಕೇ ಎಂಬ ತೂಗಾಟವೇ ನಿಜವಾದ ಆಟ. ಗುಹೆಯ ಕೊನೆಯಲ್ಲಿ ಕಾದಿರುವ ದೊಡ್ಡ ಶತ್ರು, ಅಂದರೆ ಬಾಸ್, ಅದರ ರಸೀದಿ. ಈಗಿನ ಮರುಬಿಡುಗಡೆಗಳಲ್ಲಿ ಈ ಕಾಳಗಗಳನ್ನು ಒಂದು ಗುಂಡಿ ಒತ್ತಿ ಆರಿಸಬಹುದು, ಅಂದರೆ ಬಾರದಂತೆ ಮಾಡಬಹುದು. ಫೈನಲ್ ಫ್ಯಾಂಟಸಿಯ ಪಿಕ್ಸೆಲ್ ರೀಮಾಸ್ಟರ್‌ಗಳಿಗೆ 2023ರಲ್ಲಿ ಆ ಸೌಲಭ್ಯ ಬಂತು. ಆರಿಸಿ ನೋಡಿದರೆ ತಿಳಿಯುತ್ತದೆ, ಗುಹೆ ಬರಿಯ ಓಣಿಯಾಗಿಬಿಡುತ್ತದೆ. ಊರಿಂದ ಊರಿಗೆ ಹೋಗುವಾಗ ನಾನು ಧಾರಾಳವಾಗಿ ಆರಿಸುತ್ತೇನೆ. ಗುಹೆಯಲ್ಲಿ ಆರಿಸುವುದಿಲ್ಲ.

ಆದರೆ ‘ಆ ಕಾಲದ ಯಂತ್ರಗಳ ಮಿತಿ’ ಎಂಬ ಸಮರ್ಥನೆಗೂ ಒಂದು ಕೊನೆಯ ದಿನಾಂಕ ಇರಬೇಕು. ಶಿಗೆಸಾತೊ ಇತೊಯಿ ರೂಪಿಸಿದ ಮದರ್ 2 ಎಂಬ ಆಟ ಬಂದದ್ದು 1994ರಲ್ಲಿ. ಅದರಲ್ಲಿ ಶತ್ರುಗಳು ದೂರದಿಂದಲೇ ಕಾಣಿಸುತ್ತಾರೆ. ನೀವು ತೀರಾ ಬಲಶಾಲಿಯಾಗಿದ್ದರೆ ಕಾಳಗದ ಪರದೆಯೇ ಬಾರದೆ ಗೆಲುವು ಸಿಗುತ್ತದೆ. ಬಹಳ ಹೊತ್ತು ಆಡಿದರೆ ನಾಯಕನ ಅಪ್ಪ ಫೋನ್ ಮಾಡಿ ‘ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಾರದೇ’ ಎಂದೂ ಕೇಳುತ್ತಾನೆ. ಉಪಾಯ 1994ರಲ್ಲೇ ಸಿಕ್ಕಿತ್ತು. ಆರು ವರ್ಷ ಕಳೆದು ಬಂದ ಫೈನಲ್ ಫ್ಯಾಂಟಸಿ 9ರಲ್ಲಿ ಪ್ರತಿ ಸಣ್ಣ ಕಾಳಗಕ್ಕೂ ಮೊದಲು ಕ್ಯಾಮೆರಾ ರಣರಂಗವನ್ನೆಲ್ಲ ಸುತ್ತಿಬರುವವರೆಗೆ ಕಾಯಬೇಕು. ನನಗೆ ಬಹಳ ಪ್ರಿಯವಾದ ಆಟ ಅದು. ಅದರ ಈಗಿನ ಆವೃತ್ತಿಯಲ್ಲಿ ವೇಗ ಹೆಚ್ಚಿಸುವ ಗುಂಡಿ ಇಟ್ಟವರಿಗೆ ಪುಣ್ಯ ಬರಲಿ.

ಶುದ್ಧ ಕಾಟಕ್ಕೆ ಉದಾಹರಣೆ ಬೇಕೇ? 2006ರ ಫೈನಲ್ ಫ್ಯಾಂಟಸಿ 12ರಲ್ಲಿ ಝೋಡಿಯಾಕ್ ಸ್ಪಿಯರ್ ಎಂಬ ಭರ್ಜರಿ ಈಟಿಯಿದೆ. ಅದು ಇರಬೇಕಾದ ಪೆಟ್ಟಿಗೆಯಲ್ಲಿ ಇರಬೇಕೆಂದರೆ ಆಟದುದ್ದಕ್ಕೂ ಬೇರೆ ನಾಲ್ಕು ಪೆಟ್ಟಿಗೆಗಳನ್ನು ತೆರೆಯದೆ ಬಿಟ್ಟಿರಬೇಕು. ಯಾವ ನಾಲ್ಕು ಎಂದು ಆಟ ಎಲ್ಲಿಯೂ ಹೇಳುವುದಿಲ್ಲ. ಗೈಡ್ ಪುಸ್ತಕ ಮಾರಲು ಹೂಡಿದ ತಂತ್ರವಿದು ಎಂದು ಅಭಿಮಾನಿಗಳು ಗೊಣಗಿದರೆ ತಪ್ಪೇನು? ಮರುವರ್ಷದ ಪರಿಷ್ಕೃತ ಆವೃತ್ತಿಯಲ್ಲಿ ಈ ನಿಯಮ ತೆಗೆದುಹಾಕಿದರು. 10ನೆಯ ಆಟದಲ್ಲಿ ಒಂದು ವಸ್ತುವಿಗಾಗಿ ಬಯಲಿನಲ್ಲಿ ನಿಂತು ಸತತ 200 ಸಿಡಿಲುಗಳಿಂದ ತಪ್ಪಿಸಿಕೊಳ್ಳಬೇಕು, ನಡುವೆ ಒಂದು ತಾಗಿದರೂ ಲೆಕ್ಕ ಸೊನ್ನೆಯಿಂದ ಶುರು. ಅದೇ ಆಟದ ಗಗಜೆಟ್ ಪರ್ವತದಲ್ಲಿ ಸೀಮೋರ್ ಎಂಬ ಖಳ ಎದುರಾಗುತ್ತಾನೆ. ಮೊದಲು ನಿಮ್ಮವರನ್ನು ಪ್ರೇತವಾಗಿಸುತ್ತಾನೆ, ಆಮೇಲೆ ಜೀವದಾನದ ಮಂತ್ರ ಹಾಕುತ್ತಾನೆ. ಪ್ರೇತಕ್ಕೆ ಜೀವದಾನವೇ ಮರಣ. ಎಂಥ ಸೊಗಸಾದ ಕಿಡಿಗೇಡಿತನ! ಇಷ್ಟಕ್ಕೇ ಬಿಟ್ಟಿದ್ದರೆ ಕೈಮುಗಿಯುತ್ತಿದ್ದೆ. ಆದರೆ ಸೋತಾಗಲೆಲ್ಲ ಅವನ ಉದ್ದನೆಯ ಭಾಷಣವನ್ನು ಮೊದಲಿಂದ ಕೇಳಬೇಕು, ದಾಟಿಸುವ ದಾರಿಯಿಲ್ಲ.

ಈಗ ಯಾವ ಪಾಲಿಗೆ ಸೇರಿಸಬೇಕೆಂದು ನನಗೆ ಅತಿ ಹೆಚ್ಚು ಜಗಳವಾಗಿರುವ ಒಂದು ದೃಶ್ಯ. 1994ರ ಫೈನಲ್ ಫ್ಯಾಂಟಸಿ 6ರ ನಟ್ಟನಡುವೆ ಖಳ ಗೆದ್ದುಬಿಡುತ್ತಾನೆ, ಲೋಕ ಹಾಳಾಗುತ್ತದೆ. ಒಂದು ವರ್ಷದ ನಂತರ ಸೆಲೆಸ್ ಎಂಬ ಯುವತಿ ಒಂದು ಪುಟ್ಟ ದ್ವೀಪದಲ್ಲಿ ಎಚ್ಚರಗೊಳ್ಳುತ್ತಾಳೆ. ಅವಳ ಆರೈಕೆ ಮಾಡಿದ ಮುದುಕ ಸಿಡ್ ಈಗ ತಾನೇ ಹಾಸಿಗೆ ಹಿಡಿದಿದ್ದಾನೆ, ಹೊಟ್ಟೆಗೆ ಬಿದ್ದು ದಿನಗಳಾಗಿವೆ. ದಡಕ್ಕೆ ಹೋಗಿ ಬರಿಗೈಯಲ್ಲಿ ಮೀನು ಹಿಡಿದು ತಂದು ತಿನ್ನಿಸಬೇಕು. ಕೆಲವು ಮೀನುಗಳು ಸರ್ರನೆ ಈಜುತ್ತವೆ, ಕೆಲವು ತೆವಳುತ್ತವೆ. ತೆವಳುವುದು ತಾನಾಗಿ ಕೈಗೆ ಸಿಗುತ್ತದೆ, ಅದನ್ನೇ ಹಿಡಿದು ತರುತ್ತೀರಿ. ಮುದುಕ ತಿನ್ನುತ್ತಾನೆ, ಕೆಮ್ಮುತ್ತಾನೆ. ಮತ್ತೆ ತರುತ್ತೀರಿ. ಅವನು ಇನ್ನಷ್ಟು ಕುಗ್ಗುತ್ತಾನೆ. ನಿಧಾನದ ಮೀನು ಕೆಟ್ಟದ್ದು, ವೇಗದ್ದೇ ಒಳ್ಳೆಯದು ಎಂದು ಯಾರೂ ಹೇಳುವುದಿಲ್ಲ. ಪರದೆಯಲ್ಲಿ ಸಂಖ್ಯೆಯಿಲ್ಲ, ಒಳಗೆ ಮಾತ್ರ ಅವನ ಆಯಸ್ಸು ಇಳಿಯುತ್ತಿರುತ್ತದೆ. ಅವನು ಸತ್ತರೆ ಸೆಲೆಸ್ ಬಂಡೆಯ ತುದಿಗೆ ಹೋಗಿ ಕೆಳಗೆ ಹಾರುತ್ತಾಳೆ. ದಡದಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲೊಂದು ಹಕ್ಕಿ. ಅದರ ಗಾಯಕ್ಕೆ ಕಟ್ಟಿದ ಬಟ್ಟೆ ಅವಳಿಗೆ ಗುರುತಿನದು, ಗೆಳೆಯ ಲಾಕ್‌ನದು.

ಸಿಡ್ ಬದುಕಿದರೂ ಸತ್ತರೂ ತೆಪ್ಪ ಸಿಗುತ್ತದೆ, ಕತೆ ಮುಂದೆ ಸಾಗುತ್ತದೆ. ‘ನಿಯಮ ಮುಚ್ಚಿಟ್ಟದ್ದು ಮೋಸ’ ಎನ್ನುವವರಿದ್ದಾರೆ. ಅವರ ವಾದ ನನಗೆ ಪೂರ್ತಿ ತಿಳಿಯುತ್ತದೆ, ಪೂರ್ತಿ ಒಪ್ಪಿಗೆಯಿಲ್ಲ. ರೋಗಿಯ ಪಕ್ಕ ಕುಳಿತವರಿಗೆ ಯಾವ ತುತ್ತು ಹಿಡಿಸೀತು ಎಂದು ಯಾರು ಬರೆದುಕೊಡುತ್ತಾರೆ? ಆ ನಿಯಮವನ್ನು ಮೊದಲೇ ಹೇಳಿದ್ದರೆ ಅದು ಮೀನು ಹಿಡಿಯುವ ಒಂದು ಸಣ್ಣ ಆಟವಾಗಿ ಮುಗಿಯುತ್ತಿತ್ತು. ಹೇಳದ ಕಾರಣ, ಇಷ್ಟು ವರ್ಷಗಳಾದ ಮೇಲೂ ‘ನಿನ್ನ ಸಿಡ್ ಬದುಕಿದನಾ?’ ಎಂಬುದು ಅಭಿಮಾನಿಗಳು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಯಾಗಿ ಉಳಿದಿದೆ.

ಸೋತುಹೋದದ್ದನ್ನೂ ಪ್ರೀತಿಸುವವರು ನಾವು. 1998ರ ಝೆನೋಗಿಯರ್ಸ್ ಮೊದಲ ಡಿಸ್ಕ್‌ನಲ್ಲಿ ಮಹಾಕಾವ್ಯದ ಹರವಿನಲ್ಲಿ ಹೊರಡುತ್ತದೆ. ಎರಡನೆಯ ಡಿಸ್ಕ್‌ಗೆ ಬರುವಷ್ಟರಲ್ಲಿ ತಯಾರಕರ ಸಮಯ ತೀರಿಹೋಗಿತ್ತು. ಪಾತ್ರಗಳು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕುಳಿತು, ಹಿಂದೆ ಪದಕವೊಂದು ತೂಗಾಡುತ್ತಿರಲು, ನಾವು ಆಡಬೇಕಿದ್ದ ಘಟನೆಗಳನ್ನು ಬಾಯಿಮಾತಿನಲ್ಲಿ ಒಪ್ಪಿಸುತ್ತಾರೆ. ಅಭಿಮಾನಿಗಳು ಆ ಕುರ್ಚಿಯನ್ನು ಬೈದಷ್ಟು ಯಾವ ಖಳನಾಯಕನನ್ನೂ ಬೈದಿಲ್ಲ. ಆದರೂ ಆ ಒಪ್ಪಿಸುವಿಕೆಯನ್ನು ಕೊನೆಯ ಸಾಲಿನವರೆಗೆ ಓದುತ್ತಾರೆ, ಕತೆ ಅಷ್ಟು ಹಿಡಿದಿಟ್ಟಿರುತ್ತದೆ.

ಸಂಗೀತದ ಮಾತು ಎತ್ತಿದರೆ ಇನ್ನೊಂದು ಲೇಖನವಾಗುತ್ತದೆ. ಒಂದೇ ಸಂಗತಿ ಹೇಳಿಬಿಡುತ್ತೇನೆ: 2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಒಳಬರುವಾಗ ಮೊದಲು ನುಡಿಸಿದ್ದು ಸುಗಿಯಾಮಾರ ಡ್ರ್ಯಾಗನ್ ಕ್ವೆಸ್ಟ್ ರಾಗವನ್ನು. ಮೊದಲು ಅದು ಮೊಳಗಿದ್ದು ಮೂರು ಸ್ವರ ಹೊರಡಿಸುವಷ್ಟಕ್ಕೇ ಸುಸ್ತಾಗುತ್ತಿದ್ದ ಒಂದು ಪುಟ್ಟ ಚಿಪ್‌ನಲ್ಲಿ.

ಈ ಪ್ರಶ್ನೆಯ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ‘ಹಾಗಾದರೆ ನಾನು ಯಾವುದರಿಂದ ಶುರು ಮಾಡಲಿ?’ ಕ್ರೋನೋ ಟ್ರಿಗರ್‌ನಿಂದ. 1995ರ ಆಟ, ಮೊಬೈಲ್‌ನಲ್ಲೂ ಸಿಗುತ್ತದೆ. ಹೋರಿ, ತೊರಿಯಾಮಾ ಮತ್ತು ಫೈನಲ್ ಫ್ಯಾಂಟಸಿಯ ಹಿರೊನೊಬು ಸಕಗುಚಿ ಮೂವರೂ ಕೈಜೋಡಿಸಿದ ಕೆಲಸ. ಎಲ್ಲಿಂದಲೋ ಮೇಲೆ ಬೀಳುವ ಕಾಳಗಗಳಿಲ್ಲ, ಗ್ರೈಂಡಿಂಗ್ ಇಲ್ಲವೆನ್ನುವಷ್ಟು ಕಡಿಮೆ. ಶುರುವಿನಲ್ಲೇ ಒಂದು ಜಾತ್ರೆ. ಅಲ್ಲಿ ಒಬ್ಬ ಹುಡುಗಿ ನಿಮಗೆ ಢಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಪದಕ ದೂರ ಹಾರುತ್ತದೆ. ಮೊದಲು ಪದಕ ಎತ್ತಿಕೊಂಡಿರೋ, ಅವಳನ್ನು ಮಾತಾಡಿಸಿದಿರೋ. ಪುಟ್ಟ ಮಗುವಿನ ಕಳೆದುಹೋದ ಬೆಕ್ಕನ್ನು ತಂದುಕೊಟ್ಟಿರೋ, ಇಲ್ಲವೋ. ಎಲ್ಲವನ್ನೂ ಆಟ ಸದ್ದಿಲ್ಲದೆ ಬರೆದಿಟ್ಟುಕೊಳ್ಳುತ್ತದೆ. ಕೆಲವು ಗಂಟೆಗಳ ನಂತರ ನೀವು ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ಅದೆಲ್ಲವೂ ಸಾಕ್ಷಿಯಾಗಿ ಎದುರು ಬರುತ್ತದೆ. ನಿರ್ದೋಷಿ ಎಂದು ತೀರ್ಪಾದರೂ ಸೆರೆಮನೆ ತಪ್ಪುವುದಿಲ್ಲ, ಅದೂ ಒಂದು ದೂರು. ಏನೇ ಇರಲಿ, ಜಾತ್ರೆಯಲ್ಲಿ ಮೇಜಿನ ಮೇಲಿರುವ ಆ ಬುತ್ತಿಗೆ ಮಾತ್ರ ಕೈ ಹಾಕಬೇಡಿ. ಅದು ಒಬ್ಬ ಅಜ್ಜನದು.